ಅದೃಷ್ಟದ ಕಲಂ ಕಿತ್ತುಹಾಕಿದ ಮೇಲೆ

ಹೊಸ ಆವೃತ್ತಿ ಬರಲಿ, ಆಮೇಲೆ ನೋಡೋಣ. ನಮ್ಮೂರಲ್ಲಿ ಎಷ್ಟೋ ವರ್ಷ ಎಲ್ಲ ಪ್ರಶ್ನೆಗೂ ಇದೊಂದೇ ಉತ್ತರ. ಸೋರುವ ಹೆಂಚು ಯಾವಾಗ ತೆಗೆಸುತ್ತೀರಿ ಅಂತ ಕೇಳಿ, ಮುನಿಸಿಕೊಂಡ ಅಣ್ಣತಮ್ಮಂದಿರು ಯಾವಾಗ ಮಾತಾಡುತ್ತೀರಿ ಅಂತ ಕೇಳಿ, ಹೊಸ ಆವೃತ್ತಿ ಬರಲಿ ಅನ್ನುತ್ತಿದ್ದರು. ನಮ್ಮ ಬೀದಿಯ ಪುಟ್ಟಸ್ವಾಮಿ ಹುಳುಕು ಹಲ್ಲು ಕೀಳಿಸುವುದನ್ನು ಕೂಡ ಅದಕ್ಕೇ ಮುಂದಕ್ಕೆ ಹಾಕಿ, ಕೆನ್ನೆಗೆ ಟವೆಲ್ ಕಟ್ಟಿಕೊಂಡು ಓಡಾಡುತ್ತಿದ್ದ. ಹಳೇ ನಿಯಮದ ಪುಸ್ತಕದ ಪ್ರಕಾರ ಹಲ್ಲು ಕೀಳಿಸಲು ದಾಳದಲ್ಲಿ ಹದಿನಾಲ್ಕು ಬೀಳಬೇಕು, ಹೊಸದರಲ್ಲಿ ಹತ್ತಕ್ಕೆ ಇಳಿಸುತ್ತಾರಂತೆ ಅಂತ ಯಾರೋ ಅವನ ಕಿವಿಯಲ್ಲಿ ಊದಿದ್ದರು.

ನಾನು ಗಿರಣಿ ಬೀದಿಯ ಮೇಜು ನಡೆಸುವವಳು. ಹೆಸರು ಇಂದುಮತಿ, ಆದರೆ ಆ ಹೆಸರಿನಿಂದ ಕರೆದರೆ ನಾನೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಮೇಜಮ್ಮ. ಹಲಸಿನ ಮರದ ದುಂಡು ಮೇಜು ನಮ್ಮದು, ದಾಳ ಉರುಳಿ ನೆಲಕ್ಕೆ ಬೀಳದ ಹಾಗೆ ಸುತ್ತ ಅಂಚು ಕಟ್ಟಿದೆ. ಮಾಡಲು ಹೊರಟ ಕೆಲಸ ಆಗುತ್ತದೋ ಇಲ್ಲವೋ ಅಂತ ಅನುಮಾನವಿದ್ದವರು ನನ್ನ ಮುಂದೆ ಬಂದು ಕೂತು ವಿಷಯ ಹೇಳಬೇಕು. ನಾನು ಪುಸ್ತಕ ನೋಡಿ ಇಷ್ಟು ಬೀಳಬೇಕು ಅನ್ನುತ್ತೇನೆ. ಅವರು ಇಪ್ಪತ್ತು ಮುಖದ ದಾಳ ಎಸೆಯುತ್ತಾರೆ. ಅಷ್ಟೋ ಹೆಚ್ಚೋ ಬಿದ್ದರೆ ಕೆಲಸ ಆಯಿತು. ಬೀಳಲಿಲ್ಲವೋ, ತಿಪ್ಪರಲಾಗ ಹಾಕಿದರೂ ಆಗುವುದಿಲ್ಲ. ದೊಡ್ಡ ಮೋರಿ ಹಾರಿ ದಾಟುವುದಕ್ಕೆ ಐದು ಸಾಕು. ಅತ್ತೆಯ ಹತ್ತಿರ ತವರಿಗೆ ಹೋಗಲು ಅಪ್ಪಣೆ ಕೇಳುವುದಕ್ಕೆ ಹದಿನಾರು. ಪುಸ್ತಕ ಬರೆದವರು ಯಾರೋ ಬಾಳಿ ಬದುಕಿದವರೇ ಇರಬೇಕು.

ಹದಿನಾರು ವರ್ಷ ತುಂಬಿದ ದಿನ ಪ್ರತಿಯೊಬ್ಬರೂ ಆರು ಮುಖದ ಮೂರು ಸಣ್ಣ ದಾಳ ಒಟ್ಟಿಗೆ ಎಸೆದು ತಮ್ಮ ಅಂಕೆಗಳನ್ನು ಪಡೆಯಬೇಕು. ಬಲಕ್ಕೊಂದು, ಚುರುಕಿಗೊಂದು, ಬುದ್ಧಿಗೆ, ಮಾತಿಗೆ, ತಾಳ್ಮೆಗೆ, ಕೊನೆಗೆ ಅದೃಷ್ಟಕ್ಕೆ. ಬಿದ್ದ ಅಂಕೆ ಸಾಯುವ ತನಕ. ನನ್ನ ತಾಳ್ಮೆ ಐದು. ಹಾಗಾಗಿ ನಾನು ರೇಗಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ನನ್ನ ಯಜಮಾನರು ಇರುವ ತನಕ ಮಾಡಿಕೊಳ್ಳಲಿಲ್ಲ, ಅವರ ತಾಳ್ಮೆ ಹದಿನೆಂಟು. ಅಂಕೆ ಆದ ಮೇಲೆ ಒಂದು ಪಾತ್ರ ಆರಿಸಿಕೊಳ್ಳಬೇಕು. ಪುಸ್ತಕದಲ್ಲಿ ಇರುವುದು ನಾಲ್ಕೇ: ಯೋಧ, ಮಾಂತ್ರಿಕ, ವೈದ್ಯ, ಕಳ್ಳ. ಯುದ್ಧ ಮಾಡಲು ಊರಲ್ಲಿ ಏನೂ ಇಲ್ಲ, ಆದ್ದರಿಂದ ಯೋಧರು ಅಂಚೆ ಹಂಚುತ್ತಾರೆ, ಮೂಟೆ ಹೊರುತ್ತಾರೆ. ಮಾಂತ್ರಿಕರಿಗೆ ದಿನಕ್ಕೊಂದು ಮಂತ್ರ. ಹೆಚ್ಚಿನವರು ಅದನ್ನು ಬೆಳಿಗ್ಗೆ ಹಸಿ ಸೌದೆ ಹೊತ್ತಿಸುವುದಕ್ಕೇ ಖರ್ಚು ಮಾಡಿಬಿಡುತ್ತಾರೆ.

ವಾರಿಜ ನನ್ನ ಅಣ್ಣನ ಮಗಳು. ಅಣ್ಣ ಅತ್ತಿಗೆ ತೀರಿಕೊಂಡ ಮೇಲೆ ನನ್ನ ಜೊತೆಗೇ ಇರುವವಳು. ಅವಳು ಅಂಕೆ ಎಸೆದದ್ದೂ ನನ್ನ ಮೇಜಿನ ಮೇಲೆಯೇ. ಚುರುಕು ಹದಿನೇಳು ಬಿದ್ದಾಗ ನಾನು ಹಿಗ್ಗಿ ಹೀರೇಕಾಯಾಗಿದ್ದೆ. ಕೊನೆಗೆ ಅದೃಷ್ಟಕ್ಕೆ ಎಸೆದಳು. ಮೂರು ದಾಳದಲ್ಲೂ ಒಂದೊಂದು, ಒಟ್ಟು ಮೂರು. ಅದಕ್ಕಿಂತ ಕಮ್ಮಿ ಬೀಳಲು ಸಾಧ್ಯವೇ ಇಲ್ಲ. ನಾನು ಅಯ್ಯೋ ಅಂದೆ. ಅವಳು ಮಾತ್ರ ಬಗ್ಗಿ ನೋಡಿ, ಮೂರೂ ಹೇಗೆ ಸಾಲಾಗಿ ಕೂತಿವೆ ನೋಡಿ ಅತ್ತೆ, ಲಕ್ಷಣವಾಗಿದೆ ಅಂದಳು. ಅವಳ ಗುಣವೇ ಹಾಗೆ.

ಅದೃಷ್ಟ ಐದಕ್ಕಿಂತ ಕಮ್ಮಿ ಇದ್ದವರು ಏನು ಎಸೆದರೂ ಅದರಲ್ಲಿ ನಾಲ್ಕು ಕಳೆಯಬೇಕು, ಹದಿನೈದಕ್ಕಿಂತ ಹೆಚ್ಚಿದ್ದವರಿಗೆ ನಾಲ್ಕು ಕೂಡಿಸಬೇಕು. ಪುಸ್ತಕ ಹೇಳುವುದು ಇಷ್ಟೇ. ಉಳಿದದ್ದನ್ನೆಲ್ಲ ಊರೇ ಸೇರಿಸಿಕೊಂಡಿತ್ತು. ಮೂರು ಬಿದ್ದವಳು ಮದುವೆ ದಿಬ್ಬಣಕ್ಕೆ ಎದುರಾಗಬಾರದು, ಬಾಣಂತಿಗೆ ಎಣ್ಣೆ ಹಚ್ಚಬಾರದು, ಹೊಸ ಗಡಿಗೆ ಮುಟ್ಟಬಾರದು. ವಾರಿಜ ಕಳ್ಳನ ಪಾತ್ರ ಆರಿಸಿಕೊಂಡು, ಬೆರಳಿನ ಚುರುಕು ವ್ಯರ್ಥವಾಗಬಾರದು ಅಂತ ಟೈಲರ್ ಅಂಗಡಿ ಇಟ್ಟಳು. ಅವಳಂಥ ಹೊಲಿಗೆ ಊರಲ್ಲಿ ಇಲ್ಲ, ಅದನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿ ದಿಂಬಿನ ಕವರು ಹೊಲಿಯಲು ಕೊಡುತ್ತಾರೆ. ಮದುವೆ ರವಿಕೆ ಮಾತ್ರ ಒಂದೂ ಅವಳ ಕೈಗೆ ಬರಲಿಲ್ಲ.

ಮೂರರ ಜೊತೆ ಬದುಕುವುದನ್ನು ಅವಳು ಒಂದು ಕಸುಬಿನ ಹಾಗೆ ಕಲಿತುಬಿಟ್ಟಿದ್ದಳು. ಹೊರಗೆ ಹೊರಟರೆ ಎರಡು ಕೊಡೆ, ಒಂದು ಹಾರಿಹೋಗುವುದಕ್ಕೆ, ಒಂದು ಹಿಡಿಯುವುದಕ್ಕೆ. ಹತ್ತು ಗಂಟೆಯ ಬಸ್ಸಿಗೆ ಹೋಗಬೇಕಾದರೆ ಒಂಬತ್ತರದಕ್ಕೆ ಹೋಗಿ ನಿಲ್ಲುತ್ತಾಳೆ, ಅದು ತಪ್ಪುತ್ತದೆ, ಹತ್ತರದು ಸಿಗುತ್ತದೆ. ಪ್ರತಿ ಅಂಗಿಗೂ ಒಂದು ತೋಳು ಹೆಚ್ಚಿಗೆ ಕತ್ತರಿಸಿ ಇಟ್ಟುಕೊಳ್ಳುತ್ತಾಳೆ. ಇಂಥ ದಿನ ಕೊಡುತ್ತೇನೆ ಅಂತ ಯಾರಿಗೂ ಮಾತು ಕೊಡುವುದಿಲ್ಲ, ಆಗಿದ್ದರೆ ಆಗಿರುತ್ತದೆ ಅನ್ನುತ್ತಾಳೆ. ಹೋಗಿ ನೋಡಿದರೆ ಆಗಿರುತ್ತದೆ.

ಆ ಹೆಚ್ಚಿನ ತೋಳೇ ರುದ್ರಮುನಿಯನ್ನು ಅವಳ ಅಂಗಡಿಗೆ ತಂದದ್ದು. ಅವನ ಅದೃಷ್ಟ ಹದಿನೇಳು. ಊರಲ್ಲಿ ಅಷ್ಟು ಇದ್ದವನು ಅವನೊಬ್ಬನೇ. ಹಾಗಾಗಿ ಅವನಿಗೆ ಬೇರೆ ಉದ್ಯೋಗವೇ ಬೇಕಾಗಿರಲಿಲ್ಲ. ಹೊಸ ಅಂಗಡಿಯ ಬಾಗಿಲು ಅವನೇ ತೆಗೆಯಬೇಕು, ಬೇಕರಿಯ ಒಲೆಗೆ ಬೆಂಕಿ ಅವನೇ ಇಡಬೇಕು, ಹಸು ಮೊದಲ ಸಲ ಕರೆಯುವಾಗ ಅವನೇ ಪಕ್ಕದಲ್ಲಿ ನಿಲ್ಲಬೇಕು. ಅಕ್ಕಿ, ಬೆಲ್ಲ, ಪಂಚೆ, ಎಲ್ಲ ಮನೆಗೆ ತಾನಾಗಿ ಬರುತ್ತಿತ್ತು. ಒಂದು ದಿನ ಯಾವುದೋ ಅಂಗಡಿ ತೆರೆಯಲು ಹೋಗುವಾಗ ಬಾಗಿಲ ಚಿಲಕಕ್ಕೆ ಸಿಕ್ಕಿ ಅಂಗಿಯ ತೋಳು ಹರಿಯಿತು. ವಾರಿಜ ಕೂಡಲೇ ಬೇರೆ ತೋಳು ಹಚ್ಚಿಕೊಟ್ಟಳು. ಅದೇ ಬಟ್ಟೆ, ಅದೇ ಬಣ್ಣ. ಇದು ನಿಮ್ಮ ಹತ್ತಿರ ಹೇಗಿತ್ತು ಅಂತ ಅವನು ಕೇಳಿದ್ದಕ್ಕೆ, ನಿಮ್ಮ ಅಂಗಿ ಹೊಲಿದದ್ದು ನಾನೇ, ನಿಮ್ಮ ಅಮ್ಮನಿಗೆ ಗೊತ್ತಾಗದ ಹಾಗೆ ಬಟ್ಟೆ ಅಂಗಡಿಯವನು ನನಗೆ ಹೊಲಿಯಲು ಕೊಟ್ಟಿದ್ದ ಅಂದಳಂತೆ. ಅವನು ಅಲ್ಲೇ ಬೆಂಚಿನ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕನಂತೆ.

ಅಲ್ಲಿಂದ ಅವನು ದಿನಾ ಮಧ್ಯಾಹ್ನ ಆ ಬೆಂಚಿಗೆ ಬರಲು ಶುರುಮಾಡಿದ. ಅವಳು ಹೊಲಿಯುವುದು, ಅವನು ಊರ ಸುದ್ದಿ ಹೇಳುವುದು, ಮಧ್ಯೆ ಎರಡು ಲೋಟ ಟೀ. ಮುಚ್ಚಿಡುವುದೇನು, ನನಗೂ ಅವನು ಹಿಡಿಸಿದ್ದ. ಅವನ ಜೊತೆ ಇದ್ದಾಗ ನಮ್ಮ ಹುಡುಗಿಯ ಮುಖ ನೋಡುವುದೇ ಒಂದು ಸುಖವಾಗಿತ್ತು.

ಅಡ್ಡ ಬಂದದ್ದು ಮದುವೆಯ ಕಲಂ. ಮದುವೆಯಾದರೆ ಇಬ್ಬರ ಅದೃಷ್ಟ ಕೂಡಿಸಿ ಅರ್ಧ ಮಾಡಿ ಹಂಚಬೇಕು. ಹದಿನೇಳು, ಮೂರು, ಇಪ್ಪತ್ತು. ಆಳಿಗೆ ಹತ್ತು. ಅವನ ತಾಯಿ ಹಾಲಮ್ಮ ಇದನ್ನು ನನಗೇ ಬಂದು ವಿವರಿಸಿದರು, ನನಗೆ ಕೂಡಿಸಲು ಬರುವುದಿಲ್ಲ ಅನ್ನುವ ಹಾಗೆ. ಹತ್ತು ಅಂದರೆ ಬೀದಿಯಲ್ಲಿ ಹೋಗುವವರೆಲ್ಲರ ಹತ್ತಿರವೂ ಇರುತ್ತದೆ ಮೇಜಮ್ಮ, ಹತ್ತು ಇದ್ದವನನ್ನು ಕರೆದು ಯಾರು ಒಲೆ ಹಚ್ಚಿಸುತ್ತಾರೆ ಅಂತ ಕೇಳಿದರು. ಕೇಳಿದ್ದು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಮೈ ಉರಿಯಿತು.

ರುದ್ರಮುನಿ ವಾರಿಜಳಿಗೆ ಧೈರ್ಯ ಹೇಳಿದ. ಹೊಸ ಆವೃತ್ತಿ ಬರಲಿ, ಅದೃಷ್ಟದ ಕಲಮನ್ನೇ ತೆಗೆಸೋಣ, ಅದೃಷ್ಟವೇ ಇಲ್ಲದಿದ್ದರೆ ಅರ್ಧ ಮಾಡುವ ಮಾತೇ ಬರುವುದಿಲ್ಲ ಅಂದ. ನಮಗೆಲ್ಲ ಇದು ಎಷ್ಟು ಸರಿಯಾಗಿ ಕಂಡಿತೆಂದರೆ ಯಾರೂ ಎರಡನೇ ಸಲ ಯೋಚನೆ ಮಾಡಲಿಲ್ಲ. ಹಾಗೆ ಅವರಿಬ್ಬರೂ ಕಾದರು. ಅವಳ ತಲೆಯಲ್ಲಿ ಬಿಳಿ ಕೂದಲು ಕಾಣಿಸಿತು, ಅವನಿಗೆ ಹೊಟ್ಟೆ ಬಂತು.

ಕೊನೆಗೊಂದು ಬೇಸಿಗೆಯಲ್ಲಿ ಪುಸ್ತಕದ ಕಚೇರಿಯವರು ಬಂದರು. ಬಂದವರು ಒಬ್ಬರೇ, ದಪ್ಪ ಕನ್ನಡಕದ ಗೃಹಸ್ಥರು, ಬಹಳ ಮರ್ಯಾದಸ್ಥರು. ಆಟಗಾರರಿಗೆ ಏನು ಬೇಕೋ ಅದನ್ನೇ ಕೊಡಬೇಕು ಅಂತ ಮೇಲಿನವರ ಇಚ್ಛೆ, ಸಂಕೋಚವಿಲ್ಲದೆ ಹೇಳಿ ಅಂದರು. ಶಾಲೆಯ ಅಂಗಳದಲ್ಲಿ ಸಭೆ. ಸಂಕೋಚ ಅನ್ನುವ ಪದಾರ್ಥ ನಮ್ಮೂರಲ್ಲಿ ಯಾವತ್ತೂ ಇರಲಿಲ್ಲ ಅನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಮೊದಲು ಎದ್ದವರು ಶೇಷಗಿರಿ ಮೇಷ್ಟ್ರು. ಅವರು ಎರಡನೇ ಆವೃತ್ತಿಯ ಕಾಲದವರು, ಈಗಲೂ ತಮ್ಮ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ಜನ ಹಳಬರ ಜೊತೆ ಅದನ್ನೇ ಆಡುತ್ತಾರೆ. ಆಮೇಲೆ ಬಂದ ಆವೃತ್ತಿಗಳೆಲ್ಲ ಮಕ್ಕಳಾಟಿಕೆ, ಆಗ ಸತ್ತರೆ ಸತ್ತ ಹಾಗೇ ಇರುತ್ತಿತ್ತು, ಸಾವಿಗೆ ಒಂದು ಗೌರವವಿತ್ತು, ನಾನೇ ಎರಡು ಸಲ ಸತ್ತಿದ್ದೇನೆ ಅಂದರು. ಆಮೇಲೆ ಯೋಧರ ಸಂಘದವರು ಎದ್ದು, ಮಾಂತ್ರಿಕರಿಗೆ ಅತಿಯಾಯಿತು, ನಾವು ಬೆನ್ನು ಮುರಿದು ಸೌದೆ ಒಡೆದು ತಂದರೆ ಅವರು ತುಟಿ ಅಲ್ಲಾಡಿಸಿ ಹೊತ್ತಿಸಿ ಹೆಸರು ತೆಗೆದುಕೊಳ್ಳುತ್ತಾರೆ ಅಂದರು. ಪುಸ್ತಕದ ಹಿಂದಿನ ಭಾಗದಲ್ಲಿ ಚಿತ್ರ ಸಮೇತ ಇರುವ ಘಟಸರ್ಪವನ್ನು ಕಾದಾಡಲು ಒಂದು ಸಲವಾದರೂ ಕಳಿಸಿ, ಸಣ್ಣದಾದರೂ ಪರವಾಗಿಲ್ಲ ಅಂತ ಬೇಡಿಕೊಂಡರು. ಮಾಂತ್ರಿಕರು ಎದ್ದು ದಿನಕ್ಕೆ ಎರಡು ಮಂತ್ರ ಬೇಕು, ಸಾಯಂಕಾಲದ ಸೌದೆಯೂ ಹಸಿಯಾಗಿಯೇ ಇರುತ್ತದೆ ಅಂದರು. ಕಲಂಗಳು ಕಮ್ಮಿಯಾಗಬೇಕು ಅಂತ ಒಬ್ಬ ಅಂದ. ತನಗೆ ಅನ್ವಯಿಸುವ ಕಲಂಗಳು ಮಾತ್ರ ಇನ್ನೂ ವಿವರವಾಗಿರಬೇಕು ಅಂತಲೂ ಅವನೇ ಅಂದ. ಎಲ್ಲ ಬದಲಾಗಬೇಕು ಅಂತ ಎಲ್ಲರೂ ಕೂಗಿದರು, ಎಲ್ಲ ಬದಲಾಗಿಬಿಟ್ಟರೆ ಅಂತ ಯಾರೋ ಕೇಳಿದ್ದಕ್ಕೆ ಅದು ಹೇಗೆ ಸಾಧ್ಯ, ನಾವು ಬಿಡುತ್ತೇವೆಯೇ ಅಂತ ಅವರೇ ಗದರಿದರು. ಕನ್ನಡಕದವರು ಯಾವುದಕ್ಕೂ ಇಲ್ಲ ಅನ್ನದೆ ತಲೆದೂಗುತ್ತಿದ್ದರು. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು.

ಹಾಲಮ್ಮ ಕೇಳಿದ್ದು ಮರುಎಸೆತ. ಬಿದ್ದದ್ದು ಮನಸ್ಸಿಗೆ ಒಪ್ಪಿಗೆಯಾಗದಿದ್ದರೆ ಮತ್ತೆ ಎಸೆಯಲು ಬಿಡಬೇಕು, ಮನುಷ್ಯರಿಗೆ ತೃಪ್ತಿ ಅನ್ನುವುದು ಬೇಡವೇ ಅಂದರು. ಸಭೆಗೆ ಸಭೆಯೇ ಹೌದು ಹೌದು ಅಂದಿತು.

ಆಮೇಲೆ ರುದ್ರಮುನಿ ಎದ್ದ. ತಾಯಿಯ ಪಕ್ಕದಲ್ಲೇ ಕೂತಿದ್ದವನು, ಅಲ್ಲಿಂದಲೇ ಎದ್ದ.

"ಸ್ವಾಮಿ, ಅದೃಷ್ಟದ ಕಲಂ ತೆಗೆದುಹಾಕಿ. ಉಳಿದ ಐದೂ ಮನುಷ್ಯ ದುಡಿದು ತೋರಿಸಬಹುದಾದದ್ದು. ಇದೊಂದನ್ನು ಯಾರೂ ಸಂಪಾದಿಸಿದ್ದಲ್ಲ. ನಾನೂ ಸಂಪಾದಿಸಿದ್ದಲ್ಲ."

ಹದಿನೇಳು ಇದ್ದವನ ಬಾಯಲ್ಲೇ ಈ ಮಾತು ಬಂದದ್ದಕ್ಕೆ ಅಂಗಳವೆಲ್ಲ ಚಪ್ಪಾಳೆ. ವಾರಿಜ ನನ್ನ ಪಕ್ಕದಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ. ಇಂಥವನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂದುಕೊಂಡೆ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಹೊಸ ಪುಸ್ತಕ ಬಂತು. ತೆರೆದು ನೋಡಿದರೆ, ಅಯ್ಯೋ ಶಿವನೇ, ಅವರು ಯಾರನ್ನೂ ನಿರಾಸೆ ಮಾಡಿರಲಿಲ್ಲ. ಕೇಳಿದ್ದನ್ನೆಲ್ಲ ಕೊಟ್ಟಿದ್ದರು. ಮಾಂತ್ರಿಕರಿಗೆ ಎರಡು ಮಂತ್ರ, ಯೋಧರಿಗೆ ಮಂತ್ರ ತಡೆಯುವ ಶಕ್ತಿ. ಹೀಗಾಗಿ ಬೆಳಿಗ್ಗೆ ಯಾರ ಒಲೆಯೂ ಹೊತ್ತದೆ ಬೀದಿಯಲ್ಲಿ ಹೊಗೆಯೂ ಜಗಳವೂ ಒಟ್ಟಿಗೆ ಏಳುತ್ತಿತ್ತು. ಘಟಸರ್ಪವೂ ಬಂತು, ಕೇಳಿಕೊಂಡಂತೆ ಸಣ್ಣದು, ಆಡಿನ ಗಾತ್ರದ್ದು. ಯೋಧರು ಅದನ್ನು ಸಂಘದ ಕಟ್ಟಡದ ಹಿಂದೆ ಕಟ್ಟಿಹಾಕಿ ಸರದಿಯ ಮೇಲೆ ಮೇವು ಹಾಕುತ್ತಿದ್ದಾರೆ. ಅದಕ್ಕೆ ಪೆಟ್ಟಾದೀತು ಅಂತ ಯಾರೂ ಕೋಲೆತ್ತುವುದಿಲ್ಲ. ಶೇಷಗಿರಿ ಮೇಷ್ಟ್ರು ಪುಸ್ತಕದ ಮೊದಲ ಪುಟ ನೋಡಿ ಮೂಗು ಮುರಿದು, ಉಗ್ರಾಣದ ಬಾಗಿಲಿಗೆ ಒಳಗಿನಿಂದ ಎರಡನೇ ಅಗುಳಿ ಹಾಕಿಸಿದರು.

ಮರುಎಸೆತದ ಕಲಂ ಹೀಗಿತ್ತು: ದಾಳ ಬಿದ್ದ ಮೇಲೆ ಮೇಜು ನಡೆಸುವವರು ತೃಪ್ತಿಯೇ ಅಂತ ಕೇಳಬೇಕು. ಎಸೆದವರು ತೃಪ್ತಿ ಅಂದರೆ ಬಿದ್ದದ್ದು ನಿಂತಿತು. ಅನ್ನದಿದ್ದರೆ ಹಿಂದಿನದು ರದ್ದು, ಮತ್ತೆ ಎಸೆಯಬಹುದು, ಎಷ್ಟು ಸಲ ಬೇಕಾದರೂ. ಇನ್ನು ನಮ್ಮೂರಲ್ಲಿ ಆಗದ ಕೆಲಸವೇ ಇಲ್ಲ ಅಂದುಕೊಂಡೆವು. ಮೊದಲು ಬಂದವನು ಪುಟ್ಟಸ್ವಾಮಿ, ಟವೆಲ್ ಸಮೇತ. ಹತ್ತು ಬೀಳಬೇಕಿತ್ತು, ಮೊದಲ ಏಟಿಗೇ ಹದಿನೆಂಟು ಬಿತ್ತು. ತೃಪ್ತಿಯೇನಪ್ಪಾ ಅಂದೆ. ಹದಿನೆಂಟಕ್ಕೇ ನೋವು ಕಮ್ಮಿಯಾಗುವುದಾದರೆ ಇಪ್ಪತ್ತು ಬಿದ್ದರೆ ನೋವೇ ಇರಲಿಕ್ಕಿಲ್ಲ ಅಂತ ಮತ್ತೆ ಎಸೆದ. ಆರು. ಮತ್ತೆ ಎಸೆದ, ಮತ್ತೆ ಮತ್ತೆ ಎಸೆದ. ಹಿಂದೆ ನಿಂತ ಜನ ಗೊಣಗಿದರೂ ಏಳಲಿಲ್ಲ. ಹದಿನೇಳು ಬಿದ್ದಾಗ ಆ ಹದಿನೆಂಟೇ ವಾಸಿಯಿತ್ತಲ್ಲ ಅಂತ ಹಲುಬಿದ. ಕೊನೆಗೆ ಕೈ ಸೋತು, ನಾಳೆ ಬರುತ್ತೇನೆ ಅಂತ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ಹೋದ. ಒಬ್ಬನಲ್ಲ, ಬಂದವರೆಲ್ಲರ ಹಣೆಬರಹ ಇದೇ. ಗೆದ್ದ ಎಸೆತವನ್ನು ಕೈಯಾರೆ ಚೆಲ್ಲಿ, ಇನ್ನೂ ಒಳ್ಳೆಯದು ಬೀಳಬಹುದು ಅಂತ ಕೂರುವುದು. ನನ್ನ ಐದರ ತಾಳ್ಮೆಗೆ ಅದು ಸತ್ವಪರೀಕ್ಷೆ.

ಅದೃಷ್ಟದ ಕಲಂ ಹೋಗಿತ್ತು. ಆ ಜಾಗದಲ್ಲಿ ಬಿಳಿ ಕಾಗದ. ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಎಲ್ಲರೂ ಒಂದೇ. ನಾನು ಆ ಪುಟವನ್ನು ವಾರಿಜಳಿಗೆ ತೋರಿಸಿದೆ. ಅವಳು ಬಿಳಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಎಷ್ಟು ಬೇಗ ಹೋಯಿತು ಅತ್ತೆ ಅಂದಳು. ಆ ದಿನ ಅವಳು ಒಂದೇ ಕೊಡೆ ತೆಗೆದುಕೊಂಡು ಹೊರಗೆ ಹೋದಳು.

ಬಿಳಿ ಜಾಗವನ್ನು ಊರು ಬಿಳಿಯಾಗಿರಲು ಬಿಡಬೇಕಲ್ಲ. ಮಗಳ ಮದುವೆ ರವಿಕೆ ತಂದ ಮೊದಲ ಹೆಂಗಸು ಬಟ್ಟೆ ಮೇಜಿನ ಮೇಲಿಟ್ಟು, ಈಗ ಇದೆಲ್ಲ ಕೇಳಬಾರದು, ಆದರೂ ಸುಮ್ಮನೆ ತಿಳಿದುಕೊಳ್ಳೋಣ ಅಂತ, ಹಳೇ ಪುಸ್ತಕದಲ್ಲಿ ನಿನ್ನದು ಎಷ್ಟಿತ್ತಮ್ಮಾ ಅಂತ ಕೇಳಿದಳಂತೆ. ಆಕೆಗೆ ಗೊತ್ತಿಲ್ಲದೆ ಏನಿಲ್ಲ, ಬಾಯಿಂದ ಹೇಳಿಸಬೇಕಿತ್ತು. ವಾರಿಜ ಮೂರು ಅಂದಳು. ಆಕೆ ಬಟ್ಟೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಅಳತೆ ರವಿಕೆ ತರುವುದೇ ಮರೆತೆ ನೋಡು, ತಂದುಬಿಡುತ್ತೇನೆ ಅಂತ ಹೋದವಳು ಬರಲೇ ಇಲ್ಲ. ವಿಚಿತ್ರ ಏನೆಂದರೆ ರುದ್ರಮುನಿಯ ಹದಿನೇಳನ್ನು ಹೀಗೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಹಳೇ ಪುಸ್ತಕದ ಮೂರು ಉಳಿಯಿತು, ಹದಿನೇಳು ಮಾತ್ರ ಪುಸ್ತಕದ ಜೊತೆಗೇ ಹೋಯಿತು.

ಬೇಕರಿಯವನು ಹೊಸ ಒಲೆ ಕಟ್ಟಿಸಿದ. ರುದ್ರಮುನಿಗೆ ಹೇಳಿಕಳಿಸದೆ ತಾನೇ ಬೆಂಕಿ ಇಟ್ಟ. ಹೊತ್ತದೆ ಹೋಗಿದ್ದರೆ ರುದ್ರಮುನಿಗೆ ಸಮಾಧಾನವಿರುತ್ತಿತ್ತು. ಚೆನ್ನಾಗಿಯೇ ಹೊತ್ತಿತು, ಬನ್ನೂ ಚೆನ್ನಾಗಿ ಉಬ್ಬಿತು. ಅಕ್ಕಿ ಬೆಲ್ಲ ಬರುವುದು ನಿಂತಿತು. ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಅವನಿಗೆ ಅಭ್ಯಾಸವೇ ಇರಲಿಲ್ಲ. ಒಂದು ದಿನ ಅವನ ಕಣ್ಣೆದುರೇ ಬಸ್ಸು ಹೋಗಿಬಿಟ್ಟಿತು. ಹುಟ್ಟಿದ ಮೇಲೆ ಮೊದಲನೇ ಸಲ. ಅವನು ಸೀದಾ ವಾರಿಜಳ ಅಂಗಡಿಗೆ ಬಂದು, ಮುಖ ಸಣ್ಣದು ಮಾಡಿಕೊಂಡು, ಬಸ್ಸು ಹೋಯಿತು, ಈಗ ಏನು ಮಾಡಬೇಕು ಅಂತ ಕೇಳಿದನಂತೆ.

ಮುಂದಿನದಕ್ಕೆ ಕಾಯಬೇಕು ಅಂದಳು ಇವಳು.

ಇವಳು ತಮಾಷೆ ಮಾಡಲಿಲ್ಲ. ಇದರಲ್ಲಿ ತಾನು ಪಳಗಿದವಳು, ಇವನಿಗೆ ಕೈ ಹಿಡಿದು ಕಲಿಸಬಹುದು ಅಂತ ಅವಳಿಗೆ ಒಳಗೊಳಗೇ ಸಂತೋಷವಾಗಿತ್ತು. ನನಗೆ ಗೊತ್ತು, ಆ ದಿನ ಮನೆಗೆ ಬಂದವಳು ಹಾಡು ಗುನುಗುತ್ತಿದ್ದಳು. ಹಾಲು ಉಕ್ಕುವ ಮೊದಲು ಎಲ್ಲಿ ನಿಲ್ಲಬೇಕು, ಬೀಗದ ಕೈ ಎಷ್ಟು ಜಾಗದಲ್ಲಿ ಇಡಬೇಕು, ಎಲ್ಲ ಹೇಳಿಕೊಟ್ಟಳು. ತನ್ನ ಎರಡನೇ ಕೊಡೆಯನ್ನು ಅವನಿಗೆ ಕೊಡಲು ಹೋದಳು. ಅವನು ಅದನ್ನು ಮುಟ್ಟಲಿಲ್ಲ. ಕೊಡೆಯನ್ನೇ ನೋಡುತ್ತಾ ಅವನು ಒಂದು ಮಾತು ಹೇಳಿದ. ಅದನ್ನು ವಾರಿಜ ನನಗೆ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ, ಸಾರಿಗೆ ಬೇಳೆ ತೊಳೆಯುತ್ತಾ, ನನ್ನ ಕಡೆ ತಿರುಗದೆ.

"ನಿನ್ನಿಂದ ಹೋದದ್ದು ಮೂರು, ವಾರಿಜ. ನನ್ನಿಂದ ಹೋದದ್ದು ಹದಿನೇಳು."

ನನಗೆ ಸಿಟ್ಟು ನೆತ್ತಿಗೇರಿತು. ಈಗಲೇ ಹೋಗಿ ಕೇಳುತ್ತೇನೆ ಅಂತ ಸೆರಗು ಸಿಕ್ಕಿಸಿದೆ. ಅವಳು ಬೇಡ ಅಂದಳು. ಬೇಜಾರಿನಲ್ಲಿ ಅಂದಿದ್ದಾರೆ, ಅಭ್ಯಾಸವಾದರೆ ಸರಿಹೋಗುತ್ತಾರೆ, ನನಗೂ ಮೊದಲ ವರ್ಷ ಕಷ್ಟವೇ ಆಗಿತ್ತು ಅಂದಳು. ಅಂಗಳದಲ್ಲಿ ಅಷ್ಟು ಜನರ ಮುಂದೆ ಎದ್ದು ನಿಂತವರು ಅವರೇ ತಾನೇ ಅತ್ತೆ ಅಂದಳು. ನಾನು ಸಿಟ್ಟನ್ನು ನುಂಗಿಕೊಂಡೆ.

ಮಾತಿನಂತೆ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹಾಲಮ್ಮ ಒಲ್ಲೆ ಅನ್ನುವ ಹಾಗಿರಲಿಲ್ಲ, ಅರ್ಧ ಮಾಡಲು ಈಗ ಏನೂ ಉಳಿದಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಗಂಡಿನ ಕಡೆಯವರು ಬಂದರು. ನಾನು ಹೋಳಿಗೆ ಮಾಡಿದ್ದೆ. ವಾರಿಜ ನೀಲಿ ಸೀರೆ ಉಟ್ಟು, ಅವಳೇ ಹೊಲಿದುಕೊಂಡ ರವಿಕೆ ತೊಟ್ಟು ಮೇಜಿನ ಆಚೆ ಕೂತಳು. ಈ ವಯಸ್ಸಿನಲ್ಲಿ ಹಾಗೆ ಕಾಣುತ್ತಾಳೆ ಅಂತ ನನಗೇ ಗೊತ್ತಿರಲಿಲ್ಲ. ಬಂದವರಲ್ಲಿ ಇಬ್ಬರು ಹೆಂಗಸರು ರವಿಕೆಯ ಬೆನ್ನು ನೋಡಲು ಎದ್ದು ಸುತ್ತಿ ಬಂದರು.

ಮದುವೆ ಸುಗಮವಾಗಲು ಹೊಸ ಪುಸ್ತಕದಲ್ಲಿ ಎಂಟು ಬಿದ್ದರೆ ಸಾಕು. ಮೊದಲು ಗಂಡಿನ ಕಡೆ ಎಸೆಯಬೇಕು. ಅವರು ತೃಪ್ತಿ ಅಂದ ಮೇಲೆ ಹೆಣ್ಣಿನ ಕಡೆಗೆ ಸರದಿ. ಹೆಣ್ಣಿಗೆ ಒಪ್ಪಿಗೆಯಾಗದಿದ್ದರೆ ಅದನ್ನು ರದ್ದು ಮಾಡಿ ಅವಳೂ ಬೇಕಾದಷ್ಟು ಸಲ ಎಸೆಯಬಹುದು. ಇಬ್ಬರೂ ಒಪ್ಪಿದ್ದು ಕಲ್ಲಿನ ಮೇಲೆ ಬರೆದ ಹಾಗೆ. ಇದನ್ನೆಲ್ಲ ನಾನು ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿದೆ.

ರುದ್ರಮುನಿ ಎಸೆದ. ಹದಿನಾಲ್ಕು. ನನಗೆ ಉಸಿರು ಬಂದಂತಾಯಿತು. ತೃಪ್ತಿಯೇ ಅಂತ ಕೇಳಿದೆ. ಅವನು ತಾಯಿಯ ಮುಖ ನೋಡಿದ. ಹಾಲಮ್ಮ, ಒಳ್ಳೆಯದೇ ಬಿದ್ದಿದೆ, ಆದರೂ ಜೀವನದ ಪ್ರಶ್ನೆ, ಇನ್ನೊಂದು ಸಲ ನೋಡಿಬಿಡು ಅಂದರು. ಮತ್ತೆ ಎಸೆದ. ಹತ್ತೊಂಬತ್ತು. ಸೇರಿದವರು ಆಹಾ ಅಂದರು, ಹೋಳಿಗೆಯ ಕಡೆ ನೋಡಿದರು. ತೃಪ್ತಿಯೇ ಅಂದೆ. ಅವನು ಈ ಸಲ ತಾಯಿಯನ್ನು ನೋಡಲಿಲ್ಲ. ಯಾರನ್ನೂ ನೋಡಲಿಲ್ಲ. ತಾನಾಗಿ ಕೈ ಚಾಚಿ ದಾಳ ತೆಗೆದುಕೊಂಡ. ಹಾಲಮ್ಮನೇ, ಸಾಕೇನೋ ಮಗಾ ಅಂದರು. ಅವನು ಕೇಳಿಸಿಕೊಳ್ಳಲಿಲ್ಲ. ಒಂಬತ್ತು ಬಿತ್ತು, ಅದೂ ಸಾಕಾಗುತ್ತಿತ್ತು. ಮತ್ತೆ ಎಸೆದ.

ನಾಲ್ಕು.

ಆಚೆ ಈಚೆ ಕೂತವರು ಮಿಸುಕಾಡಿದರು. ಇವನೂ ಪುಟ್ಟಸ್ವಾಮಿಯ ಹಾಗೆ ಸಾಯಂಕಾಲದ ತನಕ ಎಸೆಯುತ್ತಾನೆ, ಹೋಳಿಗೆ ತಣ್ಣಗಾಗುತ್ತದೆ ಅಂದುಕೊಂಡೆ. ಮತ್ತೆ ಎಸೆಯಲಿ ಅಂತ ದಾಳವನ್ನು ಅವನ ಕಡೆಗೆ ತಳ್ಳುತ್ತಾ, ಕ್ರಮದಂತೆ ಬಾಯಿಮಾತಿಗೆ ಕೇಳಿದೆ, ತೃಪ್ತಿಯೇನಪ್ಪಾ ಅಂತ.

"ತೃಪ್ತಿ," ಅಂದ ರುದ್ರಮುನಿ.

ಮೆಲ್ಲಗೆ ಅಂದ. ಆದರೆ ಎಲ್ಲರಿಗೂ ಕೇಳಿಸಿತು. ಹೊಸ ಪುಸ್ತಕ ಬಂದ ಮೇಲೆ ನನ್ನ ಮೇಜಿನಲ್ಲಿ ಆ ಮಾತು ಹೇಳಿದ ಮೊದಲನೆಯವನು ಅವನೇ. ಹಾಲಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವರೂ ಇದನ್ನು ಎಣಿಸಿರಲಿಲ್ಲ ಅನ್ನುವುದು ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ಅವನ ಜುಟ್ಟು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಆದರೆ ಮೇಜಿನ ಮುಂದೆ ಕೂತವಳು ನಾನು, ನ್ಯಾಯ ತಪ್ಪುವ ಹಾಗಿಲ್ಲ. ಮತ್ತೆ ಇನ್ನೂ ಎಲ್ಲ ಮುಗಿದಿರಲಿಲ್ಲ. ಸರದಿ ನಮ್ಮದಿತ್ತು. ದಾಳ ಎತ್ತಿ ವಾರಿಜಳ ಅಂಗೈಯಲ್ಲಿ ಇಟ್ಟು, ಅವಳ ಬೆರಳುಗಳನ್ನು ನಾನೇ ಮಡಿಸಿದೆ.

"ಎಸಿ ಮಗಳೇ. ಎಂಟು ಸಾಕು. ಎಷ್ಟು ಸಲ ಬೇಕಾದರೂ ಎಸಿ, ನಾನು ಕೂತಿರ್ತೀನಿ."

ಅವಳು ಮುಷ್ಟಿಯಲ್ಲಿ ದಾಳ ಹಿಡಿದುಕೊಂಡೇ ರುದ್ರಮುನಿಯನ್ನು ನೋಡಿದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಅಂಗಿಯ ಅಳತೆ ತೆಗೆದುಕೊಳ್ಳುವಾಗ ಹೆಗಲಿನಿಂದ ಹೆಗಲಿಗೆ ಕಣ್ಣು ಹಾಯಿಸುತ್ತಾಳಲ್ಲ, ಹಾಗೆ. ಆಮೇಲೆ ದಾಳವನ್ನು ಉರುಳದ ಹಾಗೆ ಮೇಜಿನ ಮೇಲೆ ಇಟ್ಟಳು.

"ಬೇಡ ಅತ್ತೆ. ನನಗೂ ತೃಪ್ತಿ."

ಆಗ ರುದ್ರಮುನಿ ತಲೆ ಎತ್ತಿದ. ಬಸ್ಸು ತಪ್ಪಿದ ದಿನ ಅವನ ಮುಖ ಹೇಗಿತ್ತೋ ನಾನು ನೋಡಿರಲಿಲ್ಲ, ಈಗ ನೋಡಿದೆ. ಇವಳು ಎಸೆಯುತ್ತಾಳೆ, ಎಂಟು ಬೀಳುವ ತನಕ ಎಸೆಯುತ್ತಲೇ ಇರುತ್ತಾಳೆ, ತಾನು ಸುಮ್ಮನೆ ಕೂತಿದ್ದರೆ ಸಾಕು ಅಂತ ನಂಬಿಕೊಂಡು ಬಂದಿದ್ದ ಪುಣ್ಯಾತ್ಮ. ಇಲ್ಲ, ಇಲ್ಲ, ನಾನು ಇನ್ನೊಂದು ಸಲ ಎಸೆಯುತ್ತೇನೆ ಅಂತ ದಾಳಕ್ಕೆ ಕೈ ಹಾಕಿದ. ನಾಲ್ಕಕ್ಕೇ ಇಬ್ಬರೂ ತೃಪ್ತಿ ಅಂದ ಮೇಲೆ ಮದುವೆ ಮುರಿದಂತೆ, ಮತ್ತೆ ಎಸೆಯಲು ಬರುವುದಿಲ್ಲ, ಕಲಂ ಸ್ಪಷ್ಟವಾಗಿದೆ. ನಾನು ದಾಳವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ವಾರಿಜ ಆಗಲೇ ಎದ್ದು ಬಂದವರಿಗೆಲ್ಲ ಎಲೆ ಹಾಕುತ್ತಿದ್ದಳು.